ಬೀಜದ ತಂದೆ ಯಾರು?

ಗಿಡದಲ್ಲಿ ಬಲಿತ ಬೀಜಕ್ಕೆ ತಾಯಿ ಯಾರೆಂಬುದು ಎದುರಿಗೇ ಕಾಣುತ್ತದೆ. ಪರಾಗ ಎಲ್ಲಿಂದ ಬಂತು, ಅಂದರೆ ತಂದೆ ಯಾರು ಎಂಬುದು ಕಾಣುವುದಿಲ್ಲ. ಅದನ್ನು ತಿಳಿಯಲು ಹಿಂದಿನ ಸಂಶೋಧಕರಿಗೆ ಇದ್ದ ಒಂದು ದಾರಿ, ಪರಾಗ ಹೊರುವ ಕೀಟದ ಬೆನ್ನು ಹತ್ತುವುದು.

ಹೂವಿನ ಬಣ್ಣ, ಮಕರಂದಗಳು ಕೀಟಗಳನ್ನು ಸೆಳೆಯಲೆಂದೇ ಇವೆ ಎಂದು ಜರ್ಮನಿಯ ಸ್ಪ್ರೆಂಗೆಲ್ 1793ರಲ್ಲೇ ಬರೆದಿದ್ದರು. ಆದರೆ ಕೀಟದ ನಡವಳಿಕೆಗೂ ಬೀಜದ ಪಿತೃತ್ವಕ್ಕೂ ಇರುವ ನಂಟನ್ನು ಬಿಡಿಸಿ ತೋರಿಸಿದವರು ಡಾರ್ವಿನ್. ಇಂಗ್ಲೆಂಡಿನ ಟಾರ್ಕಿ ಎಂಬಲ್ಲಿ ಅವರು ಸ್ಪೈರಾಂಥಿಸ್ ಎಂಬ ಪುಟ್ಟ ಆರ್ಕಿಡ್‌ಗೆ ಬರುವ ದುಂಬಿಗಳನ್ನು ಗಮನಿಸಿದರು. ದುಂಬಿ ಯಾವಾಗಲೂ ಗೊಂಚಲಿನ ಬುಡದಲ್ಲಿ ಇಳಿದು, ಸುತ್ತುತ್ತ ಮೇಲಕ್ಕೆ ಏರುತ್ತಿತ್ತು. ಬುಡದ ಹೂಗಳು ಹಳೆಯವು, ಪರಾಗ ಸ್ವೀಕರಿಸಲು ತೆರೆದಿರುವಂಥವು. ತುದಿಯ ಎಳೆಯ ಹೂಗಳು ಇನ್ನೂ ಇಕ್ಕಟ್ಟು. ಅವು ಪರಾಗವನ್ನು ಕೊಡಬಲ್ಲವೇ ಹೊರತು ಸ್ವೀಕರಿಸಲಾರವು. ಹೀಗಾಗಿ ಹೊರಗಿನಿಂದ ತಂದ ಪರಾಗ ಬುಡದಲ್ಲಿ ಉಳಿಯುತ್ತದೆ, ತುದಿಯ ಪರಾಗ ಮುಂದಿನ ಗಿಡಕ್ಕೆ ಹೋಗುತ್ತದೆ. ದುಂಬಿಗೆ ಮೇಲಿನಿಂದ ಕೆಳಗಿಳಿಯುವ ಅಭ್ಯಾಸವಿದ್ದಿದ್ದರೆ? ಅನೇಕ ಬೀಜಗಳಿಗೆ ತಾಯಿ ಗಿಡವೇ ತಂದೆಯೂ ಆಗುತ್ತಿತ್ತು! 1862ರ ಅವರ ಆರ್ಕಿಡ್ ಪುಸ್ತಕದಲ್ಲಿ ಈ ವಿವರವಿದೆ.

ಹಾಗಾದರೆ ನಷ್ಟವೇನು? 1876ರ ಪುಸ್ತಕದಲ್ಲಿ ಡಾರ್ವಿನ್ ಉತ್ತರ ಕೊಟ್ಟರು. ಲೈನೇರಿಯ ಗಿಡದಿಂದ ಆರಂಭಿಸಿ ಹಲವು ಪ್ರಭೇದಗಳಲ್ಲಿ ಅವರು ಪ್ರಯೋಗ ನಡೆಸಿದ್ದರು. ಸ್ವಂತ ಪರಾಗದಿಂದ ಹುಟ್ಟಿದ ಸಸಿಗಳು ಬಹುಮಟ್ಟಿಗೆ ಗಿಡ್ಡವಾಗಿ, ಸೊರಗಿ ಬೆಳೆದವು.

ಮುಂದೆ 1960ರ ದಶಕದಲ್ಲಿ ಅಮೆರಿಕದ ಲೆವಿನ್ ಮತ್ತು ಕರ್ಸ್ಟರ್ ಕೀಟಗಳ ಹಾರಾಟದ ದೂರವನ್ನು ಅಳೆದರು. ಬಹುತೇಕ ಹಾರಾಟಗಳು ಪಕ್ಕದ ಗಿಡಗಳಿಗಷ್ಟೇ. ನನ್ನಂಥ ಭೌತವಿಜ್ಞಾನದವನಿಗೆ ಇಲ್ಲಿ ಅಣುಗಳ ಯಾದೃಚ್ಛಿಕ ಚಲನೆ ನೆನಪಾಗುತ್ತದೆ. ಆದರೆ ಹೋಲಿಕೆ ಪೂರ್ತಿ ಸರಿಯಲ್ಲ: ದುಂಬಿಯ ರೋಮಗಳಲ್ಲಿ ಹಿಂದಿನ ಹಲವು ಹೂಗಳ ಪರಾಗ ಉಳಿದಿರುತ್ತದೆ. 1980ರಲ್ಲಿ ಬಾರ್ಬರಾ ಶಾಲ್ ಟೆಕ್ಸಸ್‌ನ ಲೂಪಿನ್ ಗಿಡಗಳಲ್ಲಿ, ಕಿಣ್ವವೊಂದನ್ನು ಗುರುತಾಗಿ ಬಳಸಿ, ನೇರವಾಗಿ ಬೀಜಗಳನ್ನೇ ಪರೀಕ್ಷಿಸಿದರು. ತಂದೆಯ ವಂಶವಾಹಿ ದುಂಬಿಯ ಹಾರಾಟ ಸೂಚಿಸಿದ್ದಕ್ಕಿಂತ ದೂರ ಸಾಗಿತ್ತು.

ಬಳಿಕ ಜೆಫ್ರಿ ಕ್ಯಾರನ್ ಮತ್ತು ಸಂಗಡಿಗರು ಮಿಮ್ಯುಲಸ್ ರಿಂಜೆನ್ಸ್ ಎಂಬ ಕಾಡುಗಿಡವನ್ನು ಆರಿಸಿಕೊಂಡರು. ಒಂದೇ ಕಾಯಿಯ ಬೀಜಗಳಿಗೆ ಹಲವು ತಂದೆಗಳು ಇರುವುದು ಅದರಲ್ಲಿ ಕಂಡಿತು. 2009ರ ವರದಿಗಾಗಿ ದುಂಬಿ ಒಂದು ಗಿಡದ ನಾಲ್ಕು ಹೂಗಳನ್ನು ಮುಟ್ಟಿದ ಕ್ರಮವನ್ನು ಬರೆದಿಟ್ಟುಕೊಂಡು, ಪ್ರತಿ ಹೂವಿನ ಬೀಜಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದರು. ಮೊದಲ ಹೂವಿನಲ್ಲಿ ಹೆಚ್ಚಿನ ಬೀಜಗಳಿಗೆ ಪರಗಿಡವೇ ತಂದೆ. ನಾಲ್ಕನೆಯದರ ವೇಳೆಗೆ ಸ್ವಂತ ಪರಾಗದ್ದೇ ಮೇಲುಗೈ. ಮೈತುಂಬ ಹೂ ಬಿಟ್ಟ ಗಿಡ ದುಂಬಿಯನ್ನು ಕರೆಯುತ್ತದೆ ನಿಜ, ಆದರೆ ತನ್ನಲ್ಲೇ ಹೆಚ್ಚು ಹೊತ್ತು ಉಳಿಸಿಕೊಂಡು ಆ ಬೆಲೆಯನ್ನೂ ತೆರುತ್ತದೆ.