ಕೊನೆಗೆ ‘ಸರ್ವಜ್ಞ’ ಎಂದಿದ್ದರೆ ಅದು ಸರ್ವಜ್ಞನ ವಚನವೇ?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಭಾಷಣ ಬರೆಯುವವರಿಗೆ ಸರ್ವಜ್ಞ ಮನೆಯವನೇ. ಇದೇ ಜಿಲ್ಲೆಯ ಮಾಸೂರು, ಅಬಲೂರುಗಳೊಂದಿಗೆ ಅವನ ಹೆಸರು ಬೆಸೆದಿದೆ. ಈಗ ಆ ಹೆಸರು ವ್ಯಂಗ್ಯಚಿತ್ರದ ಕೆಳಗೆ, ಮನೆಮದ್ದಿನ ಫಾರ್ವರ್ಡ್‌ನ ಕೊನೆಗೂ ಬರುತ್ತದೆ. ನಂಬಬಹುದೇ?

ಅಂಕಿತವೊಂದೇ ಪುರಾವೆಯಲ್ಲ. ಮೂರು ಸಾಲು, ಕೊನೆಗೊಂದು ಹೆಸರು: ಈ ಅಚ್ಚಿನಲ್ಲಿ ಯಾರು ಬೇಕಾದರೂ ಎರಕ ಹೊಯ್ಯಬಹುದು. ವಾಟ್ಸಾಪ್‌ಗಿಂತ ಬಹಳ ಮುಂಚೆಯೇ ಹೊಯ್ದಿದ್ದಾರೆ! ಉತ್ತಂಗಿ ಚನ್ನಪ್ಪನವರು ಚದುರಿಹೋಗಿದ್ದ ವಚನಗಳನ್ನು ಕೂಡಿಸಿ 1924ರಲ್ಲಿ ಸಂಕಲನ ತಂದರು; ಯಾವುದು ಅಸಲಿ, ಯಾವುದು ಪ್ರಕ್ಷಿಪ್ತ ಎಂಬ ಚರ್ಚೆ ವಿದ್ವಾಂಸರಲ್ಲಿ ಆಮೇಲೂ ನಡೆದಿದೆ.

ನಾವು ಮೊದಲು ಪದ ನೋಡುತ್ತೇವೆ. ‘ಶುಗರ್’, ‘ಬಿಪಿ’ ಬಂದರೆ ನೂರಾರು ವರ್ಷ ಹಿಂದಿನ ಮಾತಲ್ಲ, ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಮುದ್ರಿತ ಸಂಕಲನದಲ್ಲಿ ಹುಡುಕಿ. ಸಿಕ್ಕಿತೆಂದು ಗುಳಿಗೆ ಮಾತ್ರ ನಿಲ್ಲಿಸಬೇಡಿ, ಅದನ್ನು ವೈದ್ಯರನ್ನೇ ಕೇಳಿ.