ಕಲರ್ ನೆಗೆಟಿವ್ ಫಿಲ್ಮ್: ಮಣಲಿಯ ಆಕಾಶ ಯಾವ ರೋಲ್‌ನಲ್ಲಿ ಯಾವ ಬಣ್ಣ?

ಉತ್ತರ ಚೆನ್ನೈನ ಮಣಲಿಯಲ್ಲಿ ತೈಲ ಸಂಸ್ಕರಣಾಗಾರ, ರಸಗೊಬ್ಬರ ಕಾರ್ಖಾನೆ, ಪೆಟ್ರೋಕೆಮಿಕಲ್ ಘಟಕಗಳು ಅಕ್ಕಪಕ್ಕದಲ್ಲೇ ಇವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಪರಿಶೀಲಿಸಿ 43 ಪ್ರದೇಶಗಳನ್ನು 'ತೀವ್ರ ಮಲಿನ' ಎಂದು ಗುರುತಿಸಿತ್ತು. ಆ ಪಟ್ಟಿಯಲ್ಲಿ ಮಣಲಿಯೂ ಇತ್ತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದ ವೇಳೆ ಈ ಭಾಗದಿಂದ ಹರಿದ ತೈಲ ಎಣ್ಣೂರು ಅಳಿವೆಯನ್ನು ಸೇರಿತು.

ಇಂಥ ಊರನ್ನು ಫಿಲ್ಮ್ ಕ್ಯಾಮೆರಾದಲ್ಲಿ ದಾಖಲಿಸುವವರಿಗೆ ರೋಲ್‌ನ ಆಯ್ಕೆ ಬರೀ ಅಭಿರುಚಿಯ ವಿಷಯವಲ್ಲ. ಒಂದೇ ಮಬ್ಬು ಆಕಾಶ ಒಂದು ಫಿಲ್ಮ್‌ನಲ್ಲಿ ಬೂದಿ ಬಣ್ಣಕ್ಕೆ, ಇನ್ನೊಂದರಲ್ಲಿ ತಿಳಿ ನೀಲಿಗೆ ತಿರುಗಬಹುದು. ಯಾವ ಫಿಲ್ಮ್ ಏನು ಮಾಡುತ್ತದೆ? ಇಲ್ಲಿದೆ ವಿವರ.

ಕಾಂಟ್ರಾಸ್ಟ್ ಎಂದರೇನು?

ಬೆಳಕು ಹೆಚ್ಚಿದಂತೆ ನೆಗೆಟಿವ್ ಎಷ್ಟು ವೇಗವಾಗಿ ದಟ್ಟವಾಗುತ್ತದೆ ಎಂಬುದೇ ಅದರ ಕಾಂಟ್ರಾಸ್ಟ್. ಕಲರ್ ನೆಗೆಟಿವ್‌ಗಳಲ್ಲಿ ಇದನ್ನು ಉದ್ದೇಶಪೂರ್ವಕವಾಗಿ ಕಡಿಮೆ, ಅಂದರೆ ಸುಮಾರು 0.6ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಉಳಿದ ಕಾಂಟ್ರಾಸ್ಟ್ ಪ್ರಿಂಟ್ ಅಥವಾ ಸ್ಕ್ಯಾನ್ ಹಂತದಲ್ಲಿ ಸೇರಿಕೊಳ್ಳುತ್ತದೆ. ಸ್ಲೈಡ್ ಫಿಲ್ಮ್‌ನಲ್ಲಿ ಕಾಂಟ್ರಾಸ್ಟ್ ಬಹಳ ಹೆಚ್ಚು. ಹಾಗಾಗಿಯೇ ಸ್ಲೈಡ್ ಸಣ್ಣ ತಪ್ಪನ್ನೂ ಸಹಿಸುವುದಿಲ್ಲ. ನೆಗೆಟಿವ್ ಆದರೆ ಎರಡು ಸ್ಟಾಪ್ ಹೆಚ್ಚು ಬೆಳಕು ಬಿದ್ದರೂ ತಡೆದುಕೊಳ್ಳುತ್ತದೆ. ಆದರೆ ಬೆಳಕು ಕಡಿಮೆಯಾದರೆ ನೆರಳಿನ ಭಾಗ ಮಸುಕಾಗಿ, ಗ್ರೇನ್ ಎದ್ದು ಕಾಣುತ್ತದೆ.

ಯಾವ ಫಿಲ್ಮ್ ಹೇಗೆ?

ಪೋರ್ಟ್ರಾ 160, 400: ಕೊಡಾಕ್‌ನ ಈ ಸರಣಿ 1998ರಲ್ಲಿ ಬಂತು. ಮೊದಲು ಸಹಜ ಬಣ್ಣಕ್ಕೆ ಒಂದು, ಗಾಢ ಬಣ್ಣಕ್ಕೆ ಒಂದು ಎಂದು ಎರಡು ಬಗೆ ಇದ್ದವು. 2010–11ರಲ್ಲಿ ಅವೆರಡನ್ನೂ ಒಂದೇ ಮಾಡಲಾಯಿತು. ಕಾಂಟ್ರಾಸ್ಟ್ ಮೃದು, ಚರ್ಮದ ಬಣ್ಣ ಸಹಜ. ಮಬ್ಬು ಮಬ್ಬಾಗಿಯೇ ಉಳಿಯುತ್ತದೆ.

ಎಕ್ಟಾರ್ 100: 2008ರಲ್ಲಿ ಬಿಡುಗಡೆಯಾಯಿತು. ಗ್ರೇನ್ ಅತಿ ಸಣ್ಣದು, ಬಣ್ಣ ಗಾಢ, ಕಾಂಟ್ರಾಸ್ಟ್ ಹೆಚ್ಚು. ನೀಲಿ ಮತ್ತು ಕೆಂಪು ಮೆರೆಯುತ್ತವೆ. ಮುಖಗಳು ಕೆಂಪಗೆ ಕಾಣುವುದುಂಟು. ಎಕ್ಸ್‌ಪೋಷರ್ ಕಡಿಮೆಯಾದರೆ ನೆರಳು ನೀಲಿಗೆ ವಾಲುತ್ತದೆ. ಹೊಗೆ ಮುಸುಕಿದ ಆಕಾಶವನ್ನು ಇದು ಇದ್ದದ್ದಕ್ಕಿಂತ ಶುಭ್ರವಾಗಿ ತೋರಿಸುವ ಸಾಧ್ಯತೆ ಹೆಚ್ಚು.

ಗೋಲ್ಡ್ 200, ಕಲರ್‌ಪ್ಲಸ್ 200: ಹಳದಿಗೆ ವಾಲುವ ಬೆಚ್ಚಗಿನ ಬಣ್ಣ. ಸಂಜೆ ಬಿಸಿಲಿಗೆ ಚೆಂದ. ಆದರೆ ಹಳದಿ ಮಬ್ಬು ಗಾಳಿಯದೋ ಫಿಲ್ಮ್‌ನದೋ ಎಂಬ ಪ್ರಶ್ನೆ ಏಳುತ್ತದೆ.

ಫ್ಯೂಜಿ: ಹಸಿರು, ತಂಪು ಬಣ್ಣಗಳಿಗೆ ಹೆಸರುವಾಸಿ. 1989ರ ರಿಯಾಲಾದಿಂದ ಕೆಲವು ಫ್ಯೂಜಿ ಫಿಲ್ಮ್‌ಗಳಲ್ಲಿ ನಾಲ್ಕನೆಯ ಬಣ್ಣ ಪದರ ಬಂತು. ಟ್ಯೂಬ್‌ಲೈಟ್ ಕೆಳಗೆ ಬರುವ ಹಸಿರು ಛಾಯೆಯನ್ನು ಅದು ತಗ್ಗಿಸುತ್ತಿತ್ತು. ಈ ಪದರವಿದ್ದ ಪ್ರೊ 400ಎಚ್ ಉತ್ಪಾದನೆ ನಿಲ್ಲುತ್ತಿರುವುದಾಗಿ ಕಂಪನಿ 2021ರ ಜನವರಿಯಲ್ಲಿ ಪ್ರಕಟಿಸಿತು.

ಸಿನೆಸ್ಟಿಲ್ 800ಟಿ: ಕೊಡಾಕ್‌ನ ಸಿನಿಮಾ ಫಿಲ್ಮ್ ವಿಷನ್3 500ಟಿ ಹಿಂಬದಿಯ ಕಪ್ಪು ಪದರ ತೆಗೆದು ಮಾಡಿದ್ದು. 3,200 ಕೆಲ್ವಿನ್‌ನ ಟಂಗ್‌ಸ್ಟನ್ ಬೆಳಕಿಗೆ ಹೊಂದುತ್ತದೆ. ಹಗಲಲ್ಲಿ ಫಿಲ್ಟರ್ ಇಲ್ಲದೆ ತೆಗೆದರೆ ಚಿತ್ರವೆಲ್ಲ ನೀಲಿ. ಕಪ್ಪು ಪದರ ಇಲ್ಲದ್ದರಿಂದ ಪ್ರಖರ ದೀಪಗಳ ಸುತ್ತ ಕೆಂಪು ಪ್ರಭೆ ಮೂಡುತ್ತದೆ. ಸಂಸ್ಕರಣಾಗಾರದ ಚಿಮಣಿಯ ಬೆಂಕಿಯನ್ನು ಇದರಲ್ಲಿ ಸೆರೆಹಿಡಿದರೆ ನೋಡಲು ನಾಟಕೀಯ, ದಾಖಲೆಯಾಗಿ ಅನುಮಾನಾಸ್ಪದ.

ರಾತ್ರಿ ದೀಪಗಳ ತೊಡಕು

ಹಳದಿ ಸೋಡಿಯಂ ದೀಪದ ಬೆಳಕಿನಲ್ಲಿ ನೀಲಿ ಅಂಶ ತೀರಾ ಕಡಿಮೆ. ಇಲ್ಲದ ಬಣ್ಣವನ್ನು ಯಾವ ಫಿಲ್ಮೂ ಹುಟ್ಟಿಸಲಾರದು. ಸ್ಕ್ಯಾನ್ ಮಾಡುವಾಗ ಸರಿಪಡಿಸಲು ಹೋದರೆ ನೆರಳಿನ ಗ್ರೇನ್ ಮಾತ್ರ ಹೆಚ್ಚುತ್ತದೆ. ಅಂಥ ಕಡೆ ಒಂದು ಸ್ಟಾಪ್ ಹೆಚ್ಚು ಎಕ್ಸ್‌ಪೋಷರ್ ಕೊಡುವುದು ಲೇಸು.

ಬಣ್ಣ ಬದಲಾಗುವುದು ಲ್ಯಾಬ್‌ನಲ್ಲೂ

ಕಲರ್ ನೆಗೆಟಿವ್‌ಗಳನ್ನು ಸಿ-41 ವಿಧಾನದಲ್ಲಿ ಸಂಸ್ಕರಿಸುತ್ತಾರೆ. ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಸಮಯ 3 ನಿಮಿಷ 15 ಸೆಕೆಂಡ್. ಹೆಚ್ಚು ಹೊತ್ತು ಬಿಟ್ಟರೆ ಕಾಂಟ್ರಾಸ್ಟ್ ಏರುತ್ತದೆ.

ಇದಕ್ಕಿಂತ ದೊಡ್ಡ ಬದಲಾವಣೆ ಸ್ಕ್ಯಾನರ್‌ನಲ್ಲಿ ಆಗುತ್ತದೆ. ನೆಗೆಟಿವ್‌ನ ಕಿತ್ತಳೆ ಛಾಯೆಯನ್ನು ಕಳೆದು ಪಾಸಿಟಿವ್ ಮಾಡುವಾಗ ಯಂತ್ರ ತಾನೇ ಬಣ್ಣ ಸರಿಪಡಿಸುತ್ತದೆ. ಕಂದು ಹೊಗೆಯೂ ಅದರ ಲೆಕ್ಕದಲ್ಲಿ 'ದೋಷ'ವೇ. ಅದನ್ನು ಅಳಿಸಿ ಆಕಾಶವನ್ನು ತಟಸ್ಥ ಬೂದು ಮಾಡಿಬಿಡಬಹುದು. ಅಂತರ್ಜಾಲದಲ್ಲಿ ಕಾಣುವ ಎಷ್ಟೋ 'ಫಿಲ್ಮ್ ಹೋಲಿಕೆ'ಗಳು ನಿಜಕ್ಕೂ ಎರಡು ಸ್ಕ್ಯಾನ್‌ಗಳ ಹೋಲಿಕೆ.

ನೀವೇ ಹೋಲಿಸುವುದು ಹೇಗೆ?

* ಎರಡೂ ಫಿಲ್ಮ್‌ಗಳಲ್ಲಿ ಒಂದೇ ದೃಶ್ಯವನ್ನು, ಒಂದೇ ಬೆಳಕಿನಲ್ಲಿ, ಅದೇ ಲೆನ್ಸ್‌ನಿಂದ ತೆಗೆಯಿರಿ.
* ಪ್ರತಿ ರೋಲ್‌ನ ಒಂದು ಫ್ರೇಮ್‌ನಲ್ಲಿ 18 ಶೇಕಡಾ ಗ್ರೇ ಕಾರ್ಡ್ ಇರಲಿ. ಮುಂದೆ ಬಣ್ಣದ ಬಗ್ಗೆ ಪ್ರಶ್ನೆ ಎದ್ದರೆ ಅದೇ ಆಧಾರ.
* ಸರಿಯಾದ ಎಕ್ಸ್‌ಪೋಷರ್, ಒಂದು ಸ್ಟಾಪ್ ಕಡಿಮೆ, ಎರಡು ಸ್ಟಾಪ್ ಹೆಚ್ಚು: ಹೀಗೆ ಮೂರು ಫ್ರೇಮ್ ತೆಗೆಯಿರಿ.
* ಎಲ್ಲ ರೋಲ್‌ಗಳನ್ನೂ ಒಟ್ಟಿಗೆ ಒಂದೇ ಲ್ಯಾಬ್‌ಗೆ ಕೊಡಿ. ಸ್ವಯಂಚಾಲಿತ ಬಣ್ಣ ತಿದ್ದುಪಡಿ ಬೇಡವೆಂದು ಬರೆದುಕೊಡಿ.
* ನೀರಿನ ಮೇಲಿನ ಎಣ್ಣೆಯ ಹೊಳಪು ತೋರಿಸಬೇಕಿದ್ದರೆ ಪೋಲರೈಸರ್ ಫಿಲ್ಟರ್ ಬಿಚ್ಚಿಡಿ. ಅದು ಆ ಹೊಳಪನ್ನೇ ಕಡಿಮೆ ಮಾಡುತ್ತದೆ.
* ಕಾರ್ಖಾನೆಗಳ ಒಳಗೆ, ಗೇಟ್ ಬಳಿ ಅನುಮತಿ ಇಲ್ಲದೆ ಫೋಟೊ ತೆಗೆಯಬೇಡಿ.

ಸೆಕೆ, ತೇವದ ಬಗ್ಗೆ ಎಚ್ಚರ

ಚೆನ್ನೈನ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ರೋಲ್ ಬಿಟ್ಟರೆ ಬಣ್ಣಗಳ ಸಮತೋಲನ ಕೆಡುತ್ತದೆ. ಬಳಸದ ರೋಲ್‌ಗಳನ್ನು ಡಬ್ಬಿ ಸಮೇತ ಫ್ರಿಜ್‌ನಲ್ಲಿಡಿ. ಹೊರತೆಗೆದ ತಕ್ಷಣ ಡಬ್ಬಿ ತೆರೆಯಬೇಡಿ, ಒಳಗೆ ನೀರು ಕಟ್ಟುತ್ತದೆ. ತೆಗೆದು ಮುಗಿಸಿದ ರೋಲನ್ನು ಆದಷ್ಟು ಬೇಗ ತೊಳೆಸಿ.

ಯಾವುದನ್ನು ಕೊಳ್ಳಬೇಕು?

ಊಟಿಯಲ್ಲಿದ್ದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿದೆ. ಈಗ ಸಿಗುವ ಕಲರ್ ರೋಲ್‌ಗಳು ಆಮದಾದವು, ಹಾಗಾಗಿ ದುಬಾರಿ. ಹಬ್ಬ, ಬೀದಿ, ಪ್ರವಾಸಕ್ಕೆ ಗೋಲ್ಡ್ ಅಥವಾ ಕಲರ್‌ಪ್ಲಸ್ ಸಾಕು. ಕಟ್ಟಡ, ಭೂದೃಶ್ಯಕ್ಕೆ ಎಕ್ಟಾರ್. ಮಣಲಿಯ ಗಾಳಿ, ನೀರು, ಅಲ್ಲಿನ ಜನರ ಮುಖಗಳನ್ನು ಮುಂದೊಂದು ದಿನ ಸಾಕ್ಷಿಯಾಗಿ ತೋರಿಸುವ ಉದ್ದೇಶವಿದ್ದರೆ ಪೋರ್ಟ್ರಾ ಮತ್ತು ಗ್ರೇ ಕಾರ್ಡ್ ಜತೆಗಿರಲಿ. ನೆಗೆಟಿವ್‌ಗಳನ್ನು ಮಾತ್ರ ಲ್ಯಾಬ್‌ನಲ್ಲೇ ಬಿಟ್ಟುಬರಬೇಡಿ. ಸ್ಕ್ಯಾನ್‌ನ ಬಣ್ಣವನ್ನು ಯಾರು ಬೇಕಾದರೂ ತಿದ್ದಬಹುದು. ಮತ್ತೆ ಪರಿಶೀಲಿಸಲು ಉಳಿಯುವುದು ಮೂಲ ನೆಗೆಟಿವ್ ಒಂದೇ.