ಹಳೆಯ ಗಣಕಯಂತ್ರದಿಂದ ಹೊಸದಕ್ಕೆ ಕಡತಗಳ ವರ್ಗಾವಣೆ

ಒಂದು ಗಣಕಯಂತ್ರದಲ್ಲಿ ಸಂಗ್ರಹವಾಗಿರುವ ಬರಹ, ಚಿತ್ರ, ಧ್ವನಿ, ದೃಶ್ಯ ಮುಂತಾದ ಕಡತಗಳನ್ನು ಮತ್ತೊಂದು ಗಣಕಯಂತ್ರಕ್ಕೆ ತಲುಪಿಸುವ ಕಾರ್ಯವನ್ನು ಕಡತ ವರ್ಗಾವಣೆ ಎನ್ನುತ್ತಾರೆ. ವರ್ಗಾವಣೆ ಎಂಬ ಹೆಸರಿದ್ದರೂ ಇಲ್ಲಿ ಸಾಮಾನ್ಯವಾಗಿ ನಡೆಯುವುದು ನಕಲು; ಮೂಲ ಕಡತವು ಹಳೆಯ ಯಂತ್ರದಲ್ಲಿಯೇ ಉಳಿದಿರುತ್ತದೆ. ಯೂನಿಕೋಡ್‌ಗೆ ಮೊದಲಿನ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಕನ್ನಡ ಕಡತಗಳ ವಿಷಯದಲ್ಲಿ ನಕಲಿನ ಜೊತೆಗೆ ಸಂಕೇತ ಪರಿವರ್ತನೆಯೂ ಅಗತ್ಯವಾಗುತ್ತದೆ.

ಹಿನ್ನೆಲೆ

ಮೊದಲು ಈ ಕೆಲಸಕ್ಕೆ 1.44 ಮೆಗಾಬೈಟ್ ಸಾಮರ್ಥ್ಯದ ಫ್ಲಾಪಿಗಳೂ, ಬಳಿಕ ಸುಮಾರು 700 ಮೆಗಾಬೈಟ್ ಹಿಡಿಸುವ ಸಿ.ಡಿ.ಗಳೂ ಬಳಕೆಯಲ್ಲಿದ್ದವು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರೊಂದಿಗೆ 'ಈಸಿ ಟ್ರಾನ್ಸ್‌ಫರ್' ಎಂಬ ಸಾಧನವನ್ನು ನೀಡಿತ್ತು; ವಿಂಡೋಸ್ 10ರಲ್ಲಿ ಅದು ಇಲ್ಲ. ಆಪಲ್ ಯಂತ್ರಗಳಲ್ಲಿ 'ಮೈಗ್ರೇಷನ್ ಅಸಿಸ್ಟೆಂಟ್' ಇದೇ ಕೆಲಸ ಮಾಡುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡದ್ದು ಅನೇಕರು ಯಂತ್ರ ಬದಲಿಸಲು ಕಾರಣವಾಗಿದೆ.

ಪೂರ್ವಸಿದ್ಧತೆ

ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮತ್ತು ಪಿಕ್ಚರ್ಸ್ ಕಡತಕೋಶಗಳನ್ನಲ್ಲದೆ 'ಡಿ' ಮುಂತಾದ ಇತರ ಡ್ರೈವ್‌ಗಳನ್ನೂ ಪರಿಶೀಲಿಸಬೇಕು. ಬ್ರೌಸರ್‌ನಲ್ಲಿ ಗುರುತಿಟ್ಟ ಪುಟಗಳು ಹಾಗೂ ಯಂತ್ರದಲ್ಲಿಯೇ ಉಳಿಸಿದ ಮಿಂಚಂಚೆಗಳು ಸಾಮಾನ್ಯವಾಗಿ ಮರೆವಿಗೆ ಸಲ್ಲುತ್ತವೆ. ತಂತ್ರಾಂಶಗಳನ್ನು ಕಡತಗಳಂತೆ ನಕಲಿಸಿದರೆ ಅವು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಹೊಸ ಯಂತ್ರದಲ್ಲಿ ಅವನ್ನು ಹೊಸದಾಗಿಯೇ ಅನುಸ್ಥಾಪಿಸಬೇಕು.

ವಿಧಾನಗಳು

* ಬಾಹ್ಯ ಸಂಗ್ರಹ ಸಾಧನ: ಪೆನ್ ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲಿಸಿ ಹೊಸ ಯಂತ್ರಕ್ಕೆ ಜೋಡಿಸುವುದು ಅತ್ಯಂತ ಸರಳ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ವ್ಯವಹಾರದಲ್ಲಿ ಸೆಕೆಂಡಿಗೆ 30 ಮೆಗಾಬೈಟ್ ದೊರೆತರೂ 100 ಗಿಗಾಬೈಟ್ ಸಾಗಿಸಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಫ್ಯಾಟ್32 ವಿನ್ಯಾಸದ ಪೆನ್ ಡ್ರೈವ್‌ನಲ್ಲಿ 4 ಗಿಗಾಬೈಟ್ ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಕಡತ ಹಿಡಿಸದು. ಅದಕ್ಕೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ವಿನ್ಯಾಸ ಬೇಕು.
* ಜಾಲದ ಮೂಲಕ: ಎರಡೂ ಯಂತ್ರಗಳು ಒಂದೇ ವೈಫೈ ಅಥವಾ ತಂತಿ ಜಾಲದಲ್ಲಿದ್ದರೆ ಕಡತಕೋಶವನ್ನು ಹಂಚಿಕೊಂಡು ನೇರವಾಗಿ ನಕಲಿಸಬಹುದು.
* ಮೇಘಸಂಗ್ರಹ: ಗೂಗಲ್ ಡ್ರೈವ್, ಒನ್‌ಡ್ರೈವ್ ಮುಂತಾದವುಗಳಿಗೆ ಏರಿಸಿ ಇಳಿಸಿಕೊಳ್ಳುವುದು. ಸಂಗ್ರಹ ಅಲ್ಪವಾಗಿದ್ದರೆ ಅನುಕೂಲಕರ.
* ಡಿಸ್ಕನ್ನೇ ಹೊರತೆಗೆಯುವುದು: ಹಳೆಯ ಯಂತ್ರ ಚಾಲನೆಯಾಗದಿದ್ದರೂ ಅದರ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿರಬಹುದು. ಸಾಟಾ ಅಥವಾ ಐಡಿಇ ಮಾದರಿಗೆ ತಕ್ಕ ಯುಎಸ್‌ಬಿ ಅಡಾಪ್ಟರ್ ಜೋಡಿಸಿ ಅದನ್ನು ಓದಬಹುದು. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದ್ದರೆ ಅದರ ಮರುಪ್ರಾಪ್ತಿ ಕೀಲಿ ಅಗತ್ಯ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಪದೇ ಪದೇ ಚಾಲನೆ ಮಾಡದೆ ತಜ್ಞರ ನೆರವು ಪಡೆಯುವುದು ಒಳಿತು.

ಹಳೆಯ ಕನ್ನಡ ಕಡತಗಳ ಸಮಸ್ಯೆ

ಕಡತವು ಒಂದು ಬಿಟ್ಟೂ ತಪ್ಪದೆ ಹೊಸ ಯಂತ್ರವನ್ನು ತಲುಪಿದ ಮೇಲೂ ಅದನ್ನು ಓದಲಾಗದೆ ಹೋಗಬಹುದು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಸಾಮಾನ್ಯ ಬಳಕೆಗೆ ಅದು ಬಂದದ್ದು ತಡವಾಗಿ. ಆ ಅವಧಿಯಲ್ಲಿ ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಮುಂತಾದ ತಂತ್ರಾಂಶಗಳು ವ್ಯಾಪಕವಾಗಿ ಬಳಕೆಯಾದವು. ಪುಸ್ತಕಗಳ ಹಸ್ತಪ್ರತಿಗಳು, ಪ್ರಶ್ನೆಪತ್ರಿಕೆಗಳು, ಸಂಘಸಂಸ್ಥೆಗಳ ನಡವಳಿಗಳು ಹೀಗೆ ಸಿದ್ಧವಾದವು.

ಇಂತಹ ಕಡತಗಳಲ್ಲಿ ಉಳಿದಿರುವುದು ರೋಮನ್ ಅಕ್ಷರ ಹಾಗೂ ಚಿಹ್ನೆಗಳಿಗೆ ಮೀಸಲಾದ ಸಂಕೇತಗಳು. ಅವನ್ನು ಕನ್ನಡ ಅಕ್ಷರದ ತುಣುಕುಗಳಾಗಿ ತೋರಿಸುವುದು ಅಕ್ಷರಶೈಲಿಯ ಕೆಲಸ. ಹೊಸ ಯಂತ್ರದಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಿಬಿಡುವ ಅಪಾಯ ಇಲ್ಲಿದೆ. ಹಳೆಯ ಯಂತ್ರದ ಫಾಂಟ್ಸ್ ಕಡತಕೋಶದಿಂದ ಸಂಬಂಧಿಸಿದ ಅಕ್ಷರಶೈಲಿಯನ್ನು ತಂದು ಅನುಸ್ಥಾಪಿಸಿದರೆ ಬರಹ ಮತ್ತೆ ಗೋಚರಿಸುತ್ತದೆ. ಆದುದರಿಂದ ಅಕ್ಷರಶೈಲಿಗಳನ್ನೂ ಕಡತಗಳೊಂದಿಗೆ ನಕಲಿಸಿಕೊಳ್ಳಬೇಕು.

ಕಣ್ಣಿಗೆ ಕಂಡ ಮಾತ್ರಕ್ಕೆ ಪರಿಹಾರ ಪೂರ್ಣವಾಗದು. ಯೂನಿಕೋಡ್ ಅಲ್ಲದ ಬರಹದಲ್ಲಿ ಕನ್ನಡ ಪದಗಳನ್ನು ಹುಡುಕುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ಸಾಮಾನ್ಯ ತಂತ್ರಾಂಶಗಳಲ್ಲಿ ಕಷ್ಟವಾಗುತ್ತದೆ. ಶಾಶ್ವತ ಪರಿಹಾರ ಯೂನಿಕೋಡ್‌ಗೆ ಪರಿವರ್ತಿಸುವುದು; ಇದಕ್ಕೆ ಉಚಿತ ಪರಿವರ್ತಕಗಳು ಲಭ್ಯವಿವೆ. ಪರಿವರ್ತನೆಯ ನಂತರ ಕರಡು ತಿದ್ದುವುದು ಅನಿವಾರ್ಯ. ಉದಾಹರಣೆಗೆ, 'ಸೂರ್ಯ' ಎಂಬ ಪದದ ಅರ್ಕಾವೊತ್ತು ಹಳೆಯ ಪದ್ಧತಿಯಲ್ಲಿ ಬರೆಯುವ ಕ್ರಮದಂತೆ 'ಯ'ಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರೇಫವೇ ಮೊದಲು. ಇಂತಹ ಸ್ಥಳಗಳಲ್ಲಿ ಪರಿವರ್ತಕ ಎಡವಬಹುದು. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ತುಣುಕುಗಳಾಗಿ ಮಾರ್ಪಟ್ಟು ಅರ್ಥ ಕಳೆದುಕೊಳ್ಳಬಹುದು. ಹೀಗಾಗಿ ಮೂಲ ಕಡತವನ್ನೂ ಅದರ ಪಿಡಿಎಫ್ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಂಡೇ ಪರಿವರ್ತಿಸಬೇಕು.

ಪರಿಶೀಲನೆ

ವರ್ಗಾವಣೆಯ ನಂತರ ಎರಡೂ ಕಡೆಯ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಬೇಕು. ಪ್ರತಿ ಕಡತಕೋಶದಿಂದ ಕೆಲವನ್ನಾದರೂ ತೆರೆದು ನೋಡಬೇಕು. ಹೆಚ್ಚಿನ ಖಚಿತತೆ ಬೇಕಾದಲ್ಲಿ ಎಸ್‌ಎಚ್‌ಎ-256 ಮಾದರಿಯ ತಾಳೆಸಂಖ್ಯೆಯನ್ನು ಎರಡೂ ಪ್ರತಿಗಳಿಗೆ ಲೆಕ್ಕಹಾಕಬಹುದು. ಒಂದೇ ಅಕ್ಷರ ವ್ಯತ್ಯಾಸವಾದರೂ ಆ ಸಂಖ್ಯೆ ಬೇರೆಯಾಗುತ್ತದೆ.

ಹಳೆಯ ಯಂತ್ರದ ವಿಲೇವಾರಿ

ಹೊಸ ಯಂತ್ರದ ಹೊರತಾಗಿ ಇನ್ನೊಂದು ಪ್ರತಿಯಾದರೂ ಬೇರೆಡೆ ಭದ್ರವಾಗಿದೆಯೆಂದು ತಿಳಿಯುವವರೆಗೆ ಹಳೆಯ ಯಂತ್ರದ ಕಡತಗಳನ್ನು ಅಳಿಸಬಾರದು. ಹಾರ್ಡ್ ಡಿಸ್ಕ್‌ನಲ್ಲಿ ಕೇವಲ ಅಳಿಸುವುದೆಂದರೆ ಗ್ರಂಥಾಲಯದ ಸೂಚಿಯಿಂದ ಚೀಟಿ ತೆಗೆದಂತೆ. ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ. ಆದುದರಿಂದ ಯಂತ್ರವನ್ನು ಮಾರುವ ಅಥವಾ ದಾನ ಮಾಡುವ ಮೊದಲು ಡಿಸ್ಕನ್ನು ಪೂರ್ಣವಾಗಿ ತೊಡೆದುಹಾಕುವ ಸಾಧನವನ್ನು ಬಳಸಬೇಕು. ನಿರುಪಯುಕ್ತ ಯಂತ್ರಗಳನ್ನು ಕಸದೊಂದಿಗೆ ಎಸೆಯದೆ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಗಣಕಯಂತ್ರಗಳಿಗೂ ಅನ್ವಯಿಸುತ್ತವೆ.